ಮುರಿದ ಪಾವಟಿಗೆಗೆ ಎರಡು ವರದಿ

ಕಾಗದದ ಮೇಲೆ ಬರೆದರೆ ಕೆಲಸ ಮುಗಿಯಿತು ಎಂದು ನಂಬುವ ಮನುಷ್ಯ ನಾನು. ಮನೆಯ ಮಾಡು ಸೋರಿದರೆ ನನ್ನ ಹೆಂಡತಿ ಕೆಳಗೆ ಪಾತ್ರೆ ಇಡುತ್ತಾಳೆ. ನಾನು ಟಿಪ್ಪಣಿ ಮಾಡಿಕೊಳ್ಳುತ್ತೇನೆ. ಈ ರೋಗ ನನಗೆ ಹತ್ತಿದ್ದು ಎಪ್ಪತ್ತರ ದಶಕದಲ್ಲಿ, ನಮ್ಮ ಭಾಗದ ಒಂದು ಪ್ರವಾಸಿ ಮಂದಿರದಲ್ಲಿ ಕಾರಕೂನನಾಗಿದ್ದಾಗ. ಯಾವ ಊರು ಎಂದು ಮಾತ್ರ ಕೇಳಬೇಡಿ. ಹಾನಗಲ್ಲಿನವರು ಅದು ಹಿರೇಕೆರೂರಿನದು ಎನ್ನಲಿ, ಹಿರೇಕೆರೂರಿನವರು ಸವಣೂರಿನದು ಎನ್ನಲಿ, ನನಗೆ ಎಲ್ಲ ಕಡೆಯೂ ಬೀಗರಿದ್ದಾರೆ.

ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ಕೆಲಸದ ಸ್ಥಳದಲ್ಲಿ ನೌಕರರ ಸುರಕ್ಷತೆಗೆ ಏನೇನು ಕ್ರಮ ಕೈಗೊಂಡಿದ್ದೀರಿ, ತಿಳಿಸಿ ಎಂದು. ನಾನು ಹುರುಪಿನಿಂದ ನಾಲ್ಕು ಬಕೆಟ್ಟಿಗೆ ಕೆಂಪು ಬಣ್ಣ ಬಳಿಸಿ, ಉಸುಕು ತುಂಬಿಸಿ ಸಾಲಾಗಿ ತೂಗುಹಾಕಿಸಿದೆ. ಬೆಂಕಿ ಬಿದ್ದರೆ ಎರಚಲು ಇಟ್ಟ ಆ ಉಸುಕಿನಲ್ಲಿ ಬಂದ ಅತಿಥಿಗಳೆಲ್ಲ ಎಲೆ-ಅಡಿಕೆ ಉಗುಳಿದರು. ಔಷಧಿಯ ಪೆಟ್ಟಿಗೆಯೊಂದನ್ನು ಗೋಡೆಗೆ ಬಡಿಸಿದೆ. ಅದರೊಳಗೆ ಇರಬೇಕಾದ ಔಷಧಿಗಳ ಪಟ್ಟಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದೆ. ಒಳಗೆ ಇದ್ದದ್ದೂ ಆ ಪಟ್ಟಿ ಒಂದೇ. ಅಡುಗೆಮನೆಯ ಬಾಗಿಲಿಗೆ ‘ಎಚ್ಚರಿಕೆಯಿಂದ ನಡೆಯಿರಿ’ ಎಂಬ ಫಲಕ ಬಂತು.

ಆ ಬಾಗಿಲಲ್ಲಿ ದಿನಕ್ಕೆ ನೂರು ಸಲ ನಡೆಯುತ್ತಿದ್ದವಳು ಅಡುಗೆಯ ನಿಂಗವ್ವ. ದಿನಗೂಲಿಯವಳು. ಓದಲು ಬಾರದು. ಅಡುಗೆಮನೆ ಮಂದಿರದ ಹಿಂಬದಿಗೆ ಬೇರೆಯಾಗಿಯೇ ಇತ್ತು; ಊಟದ ಕೋಣೆಗೆ ಬರಬೇಕಾದರೆ ಎರಡು ಪಾವಟಿಗೆ ಏರಬೇಕು. ಮೇಲಿನ ಪಾವಟಿಗೆಯ ಅಂಚು ಒಡೆದು, ಇಟ್ಟಿಗೆ ಅಲುಗಾಡುತ್ತಿತ್ತು.

“ಕಾರಕೂನರ, ಬೋರ್ಡ್ ಹಚ್ಚಿದ್ದು ಚಲೋ ಆತು. ಅದರ ಸಂಗಾಟ ಈ ಪಾವಟಿಗಿಗೆ ಒಂದೀಟು ಸಿಮೆಂಟ್ ಹಾಕಸ್ರಿ,” ಎಂದಳು.

“ಬರ್ದು ಕಳಸ್ತೇನಿ,” ಎಂದೆ. ಆದರೆ ಪ್ರತಿ ತಿಂಗಳು ಮೇಲಕ್ಕೆ ಕಳಿಸುವ ವರದಿಯ ತಖ್ತೆಯಲ್ಲಿ ‘ಕಟ್ಟಡ ಸುಸ್ಥಿತಿಯಲ್ಲಿದೆ’ ಎಂದೇ ಬರೆದೆ. ಹಾಗೆ ಬರೆದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಮುಂದಿನ ವಾರ ನಿಂಗವ್ವ ಕುದಿಯುವ ಸಾರಿನ ಪಾತ್ರೆ ಹಿಡಿದು ಏರುವಾಗ ಇಟ್ಟಿಗೆ ಜಾರಿತು. ಸಾರೆಲ್ಲ ಅವಳ ಎಡಗಾಲ ಮೇಲೆ. ನಾನು ಓಡಿಹೋಗಿ ಪೆಟ್ಟಿಗೆ ತೆಗೆದೆ, ಪಟ್ಟಿ ನೋಡಿದೆ, ಮುಚ್ಚಿದೆ. ಅವಳೇ ಕುಂಟುತ್ತ ಹೋಗಿ ತೊಟ್ಟಿಯ ನೀರಿನಲ್ಲಿ ಕಾಲಿಟ್ಟು ಕುಳಿತಳು. ನಾನು ಅಪಘಾತದ ವರದಿ ಬರೆಯಲು ಕುಳಿತೆ. ಪಾವಟಿಗೆ ಮುರಿದಿತ್ತು ಎಂದರೆ ಯಾಕೆ ರಿಪೇರಿ ಮಾಡಿಸಲಿಲ್ಲ ಎಂದು ಕೇಳುವರು, ಕೇಳುವುದು ನನ್ನನ್ನೇ. ಆದ್ದರಿಂದ ‘ಕಾರಣ: ಅಡುಗೆಯವಳ ಅಜಾಗರೂಕತೆ. ಪಾವಟಿಗೆ ಸುಸ್ಥಿತಿಯಲ್ಲಿದೆ’ ಎಂದು ಬರೆದು ಕಳಿಸಿದೆ. ಅಂದು ಊಟ ರುಚಿಸಲಿಲ್ಲ, ನಿಜ. ಆದರೆ ಪೂರ್ತಿ ಉಂಡೆ.

ನಿಂಗವ್ವ ಮನೆ ಹಿಡಿದಳು. ಅತಿಥಿಗಳ ಚಹಾ ನನ್ನ ಕೊರಳಿಗೆ ಬಿತ್ತು. ಇಪ್ಪತ್ತನೆಯ ದಿನ, ಚಹಾದ ಆರು ಕಪ್ಪುಗಳ ತಟ್ಟೆ ಹಿಡಿದು ಅದೇ ಪಾವಟಿಗೆ ಏರಿದೆ. ಕಪ್ಪುಗಳ ಜೊತೆ ನನ್ನ ಬಲಗೈ ಮಣಿಕಟ್ಟೂ ಮುರಿಯಿತು. ಈ ಸಲದ ವರದಿಯನ್ನು ಎಡಗೈಯಲ್ಲಿ, ಬಹಳ ಸಿಟ್ಟಿನಿಂದ ಬರೆದೆ: ‘ಕಾರಣ: ಪಾವಟಿಗೆ ಬಹುಕಾಲದಿಂದ ಮುರಿದಿದೆ.’

ಎಂಟು ದಿನಕ್ಕೆ ಮೇಲಿನ ಕಚೇರಿಯ ಸಾಹೇಬರಿಂದ ನೋಟೀಸು ಬಂತು. ಅವರು ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿದ್ದರು. ಸರಕಾರದಲ್ಲಿ ಹೀಗೂ ಓದುವವರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ‘ಅಡುಗೆಯವಳು ಬಿದ್ದ ದಿನ ಸುಸ್ಥಿತಿಯಲ್ಲಿದ್ದ ಪಾವಟಿಗೆ ನೀವು ಬಿದ್ದ ದಿನ ಮುರಿದಿದೆ. ಅದನ್ನು ಮುರಿದವರು ನೀವೇ ಎಂದು ಯಾಕೆ ಭಾವಿಸಬಾರದು?’

ಪಾವಟಿಗೆ ಮೊದಲೇ ಮುರಿದಿತ್ತು ಎನ್ನಲು ನನಗೆ ಸಾಕ್ಷಿ ಬೇಕಿತ್ತು. ಇದ್ದವಳು ಒಬ್ಬಳೇ. ಕೊರಳಿಗೆ ಕೈ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು.

“ಬರ್ರಿ, ಕುಂತ್ರಿ. ಕೈಗೆ ಏನಾತ್ರಿ?”

“ನಿಂಗವ್ವಾರ, ಅದ ಪಾವಟಿಗಿ ಮ್ಯಾಲೆ ನಾನೂ ಬಿದ್ನಿರಿ. ಅದು ಮೊದಲ ಮುರದಿತ್ತಂತ ಸಾಹೇಬ್ರಿಗೆ ತೋರ್ಸಾಕ ಒಂದು ಹೆಬ್ಬೆಟ್ಟು ಒತ್ತಬೇಕಾಗಿತ್ರಿ,” ಎಂದೆ. ಇಷ್ಟು ವರ್ಷಗಳಲ್ಲಿ ಅವಳಿಗೆ ‘ರಿ’ ಹಚ್ಚಿದ್ದು ಅದೇ ಮೊದಲು. ಅವಳು ತಟ್ಟನೆ ಸಂಶಯಪಟ್ಟಳು.

“ನಾ ಬಿದ್ದಾಗ ಏನ ಬರ್ದಿದ್ರಿ? ಮೊದಲ ಅದನ್ನ ಹೇಳ್ರಿ.”

ಹೇಳಿದೆ.

“ಪಾವಟಿಗಿ ಚಲೋ ಐತಿ, ನನಗ ಖಬರಿಲ್ಲ ಅಂತ ಬರದ್ರಿ?”

“ಹೂಂ.”

ಅವಳು ಸುಟ್ಟ ಕಾಲನ್ನು ನನ್ನತ್ತ ಚಾಚಿದಳು. “ಹಂಗಾರ ಖಬರಿಲ್ಲದಾಕಿ ಹೆಬ್ಬೆಟ್ಟು ಯಾತಕ್ಕ ಬೇಕ್ರಿ ಸಾಹೇಬ್ರಿಗೆ? ನಿಮ್ಮ ಕೈ ಸರಕಾರದ್ದು, ನನ್ನ ಕಾಲು ಯಾರದೂ ಅಲ್ಲೇನ್ರಿ? ನಂದು ಖರೇ ಬರೀರಿ ಮೊದಲ. ಆಮ್ಯಾಲೆ ಒತ್ತತೇನಿ.”

ಅಲ್ಲೇ ಕಟ್ಟೆಯ ಮೇಲೆ ಕುಳಿತು, ಎಡಗೈಯಲ್ಲಿ ಬರೆದೆ: ಮೊದಲ ವರದಿ ಸುಳ್ಳು, ಪಾವಟಿಗೆ ಮುರಿದಿತ್ತು, ಆಕೆ ಹೇಳಿದ್ದಳು, ನಾನು ತಿಳಿಸಲಿಲ್ಲ. ಮೂರು ಸಲ ಓದಿಸಿಕೊಂಡು ನಿಂಗವ್ವ ಹೆಬ್ಬೆಟ್ಟು ಒತ್ತಿದಳು.

ಪಾವಟಿಗೆಗೆ ಸಿಮೆಂಟು ಬಿತ್ತು. ನಿಂಗವ್ವ ಕೆಲಸಕ್ಕೆ ಮರಳಿದಳು, ಕಾಲಿನ ಕಲೆ ಮಾತ್ರ ಹೋಗಲಿಲ್ಲ. ನನಗೆ ಲಿಖಿತ ಎಚ್ಚರಿಕೆ ಬಂತು. ಅದರ ಜೊತೆ, ಆ ಕಟ್ಟೆಯ ಮೇಲೆ ಎಡಗೈಯಲ್ಲಿ ಬರೆದ ಕಾಗದವೂ ಮರಳಿ ಬಂತು; ನನ್ನ ನೌಕರಿಯಲ್ಲಿ ನಾನು ಬರೆದ ಪೂರ್ತಿ ನಿಜವಾದ ಕಾಗದ ಅದೊಂದೇ. ಅದರ ಅಂಚಿನಲ್ಲಿ ಸಾಹೇಬರು ಕೆಂಪು ಶಾಯಿಯಿಂದ ಬರೆದಿದ್ದರು: ‘ಅಕ್ಷರ ಸುಧಾರಿಸಬೇಕು.’