ಡೈನಮೊದ ಬೆನ್ನ ಮೇಲಿನ ಗಡ್ಡೆ

ತಪ್ಪು ಹೆಸರಿನಿಂದ ಕರೆಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಕಾಂಪೌಂಡರನ್ನು ಜನ ಡಾಕ್ಟರೇ ಎನ್ನುತ್ತಾರೆ, ಕೋರ್ಟಿನ ಗುಮಾಸ್ತನನ್ನು ಲಾಯರೇ ಎನ್ನುತ್ತಾರೆ; ಅವರು ತಿದ್ದಿದ್ದನ್ನು ನಾನು ಕಂಡಿಲ್ಲ. ನಾನೂ ತಿದ್ದಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದ ನನ್ನನ್ನು ರಾಜಗೋಪಾಲನಗರದ ನಮ್ಮ ವಠಾರದವರೆಲ್ಲ ಇಂಜಿನಿಯರ್ ಸಾರ್ ಎನ್ನುತ್ತಿದ್ದರು. ಮೊದಲ ಸಲವೇ ‘ಅಲ್ಲಪ್ಪಾ, ನಾನು ಬರೀ ಡಿಪ್ಲೊಮಾ’ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಾಫಿ ಬಂತು. ಕಾಫಿ ಕುಡಿದ ಮೇಲೆ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ. ಆ ಒಂದು ಲೋಟ ಕಾಫಿಯಿಂದ ಶುರುವಾದದ್ದನ್ನು ಇವತ್ತಾದರೂ ಒಪ್ಪಿಕೊಳ್ಳೋಣ ಎಂದು ಕೂತಿದ್ದೇನೆ.

ಕಾಫಿ ಕೊಟ್ಟವರು ನಮ್ಮ ಮನೆಯ ಓನರ್ ಚಿಕ್ಕಣ್ಣ. ಅಲ್ಲಿನ ಮೂಲ ಹಳ್ಳಿಯವರು. ಅವರ ಹೊಲವೆಲ್ಲ ಕಾರ್ಖಾನೆಗಳ ಕೆಳಗೆ ಹೋದಮೇಲೆ ಉಳಿದ ಜಾಗದಲ್ಲಿ ಎಂಟು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು, ಒಂದು ಬೋರ್‌ವೆಲ್ ಹಾಕಿಸಿದ್ದರು, ಒಂದು ಟ್ರ್ಯಾಕ್ಟರ್ ಇಟ್ಟಿದ್ದರು. ಯಾವುದೋ ಅಣೆಕಟ್ಟಿನ ಕೆಲಸ ಮುಗಿದಾಗ ಹರಾಜಿನಲ್ಲಿ ಬಂದ ಪರದೇಶದ ಟ್ರ್ಯಾಕ್ಟರ್ ಅದು. ಬಣ್ಣ ಯಾವುದೆಂದು ಹೇಳುವುದು ಕಷ್ಟವಾಗುವಷ್ಟು ಹಳೆಯದು. ಆದರೆ ಆ ಕಾಲಕ್ಕೆ ನಮ್ಮ ಕಡೆ ಯಾವ ಟ್ರ್ಯಾಕ್ಟರಿಗೂ ಇಲ್ಲದ ಪವರ್ ಸ್ಟೀರಿಂಗ್ ಅದಕ್ಕಿತ್ತು. ಚಿಕ್ಕಣ್ಣನವರಿಗೆ ಅದು ಬೇಕೂ ಇತ್ತು. ಹುಣಸೆಮರದಿಂದ ಬಿದ್ದು ಅವರ ಬಲ ಭುಜ ಕೂತುಹೋಗಿತ್ತು, ಕೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಎತ್ತಿನ ಹಗ್ಗ ಹಿಡಿಯಲಾಗದ ಮನುಷ್ಯ ಆ ಟ್ರ್ಯಾಕ್ಟರನ್ನು ಎರಡು ಬೆರಳಲ್ಲಿ ತಿರುಗಿಸುತ್ತಿದ್ದರು. ಹಿಂದೆ ನೀರಿನ ಟ್ಯಾಂಕರ್ ಕಟ್ಟಿಕೊಂಡು ನಲ್ಲಿ ಇಲ್ಲದ ನಮ್ಮ ಬೀದಿಗಳಿಗೆಲ್ಲ ಬೆಳಿಗ್ಗೆ ನೀರು ಕೊಡುತ್ತಿದ್ದರು. ಆ ಸೀಟಿನ ಮೇಲೆ ಕೂತಾಗ ಅವರ ಮುಖ ನೋಡಬೇಕಿತ್ತು, ಮದುವೆ ಗಂಡಿನ ಗತ್ತು.

ಟ್ರ್ಯಾಕ್ಟರಿನ ತೊಂದರೆ ಒಂದೇ. ಆರು ವೋಲ್ಟಿನ ಬ್ಯಾಟರಿ, ಅದಕ್ಕೆ ಚಾರ್ಜ್ ಕೊಡಲು ಹಳೇ ಡೈನಮೊ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟರ್ ಎರಡು ಸಲ ನರಳಿ ಸುಮ್ಮನಾಗುತ್ತಿತ್ತು, ನಾವು ನಾಲ್ಕು ಜನ ಹಲ್ಲುಜ್ಜುವುದನ್ನು ಬಿಟ್ಟು ಹೋಗಿ ತಳ್ಳಬೇಕು. ಒಂದು ದಿನ ತಳ್ಳಿ ಸುಸ್ತಾಗಿ, ‘ಇದನ್ನ ಹನ್ನೆರಡು ವೋಲ್ಟಿಗೆ ಕನ್ವರ್ಟ್ ಮಾಡ್ಬಿಡೋಣ ಚಿಕ್ಕಣ್ಣೋರೆ, ಒಂದು ಭಾನುವಾರದ ಕೆಲಸ’ ಎಂದುಬಿಟ್ಟೆ. ಅವರು ಸ್ವಲ್ಪ ಅನುಮಾನಿಸಿದರು.

‘ಯಶವಂತಪುರದ ಬಶೀರ್ ಸಾಬ್ರನ್ನ ಒಂದ್ಮಾತು ಕೇಳ್ಲಾ ಸಾರ್? ಸುರುವಿಂದ ಅವ್ರೇ ನೋಡ್ಕೋತಾವ್ರೆ.’

ನಾನು ಬ್ಯಾಟರಿ ಪೆಟ್ಟಿಗೆಯನ್ನು ತೆರೆದು ನೋಡಿದೆ. ಪಾಸಿಟಿವ್ ವೈರನ್ನು ತಂದು ಗಾಡಿಯ ಕಬ್ಬಿಣದ ಮೈಗೆ ಕೊಟ್ಟಿತ್ತು. ನಾನು ಓದಿದ ಪುಸ್ತಕದಲ್ಲಿ ಮೈಗೆ ಹೋಗಬೇಕಾದದ್ದು ನೆಗೆಟಿವ್. ಬೀದಿಯಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, ‘ಇದೇನ್ರೀ, ನಿಮ್ಮ ಬಶೀರ್ ಸಾಬ್ರು ಉಲ್ಟಾ ಕನೆಕ್ಷನ್ ಕೊಟ್ಟಿದ್ದಾರೆ’ ಎಂದು ನಕ್ಕೆ. ಅಂಥ ಹಳೇ ಗಾಡಿಗಳೆಲ್ಲ ಕಾರ್ಖಾನೆಯಿಂದಲೇ ಹಾಗೆ ಬರುತ್ತಿದ್ದವು ಎಂಬುದು ನನಗೆ ಗೊತ್ತಿರಲಿಲ್ಲ. ‘ಬಂದಾಗ್ನಿಂದ ಅಂಗೇ ಐತೆ ಸಾರ್’ ಎಂದು ಚಿಕ್ಕಣ್ಣ ಮೆಲ್ಲಗೆ ಅಂದರು. ಬಶೀರರ ಮಾತು ಅಲ್ಲಿಗೆ ನಿಂತಿತು.

ಭಾನುವಾರ, ಡೈನಮೊ ಬದಲಿಗೆಂದು ಗುಜರಿ ಅಂಗಡಿಯಿಂದ ತಂದ ಕಾರಿನ ಆಲ್ಟರ್ನೇಟರ್, ಹೊಸ ಬ್ಯಾಟರಿ, ಬಲ್ಬು, ಹಾರನ್ನು ಎಲ್ಲ ಜೋಡಿಸಿಕೊಂಡು ಕೂತೆ. ವಠಾರ ಸುತ್ತ ನಿಂತಿತ್ತು. ನನ್ನ ಹೆಂಡತಿ ಸರೋಜ ಕೂಡ ಕಿಟಕಿಯಿಂದ ನೋಡುತ್ತಿದ್ದಳು, ಅದೇ ಮುಖ್ಯ. ಡೈನಮೊ ಬಿಚ್ಚಿದರೆ ಅದರ ಬೆನ್ನಿಗೆ ಒಂದು ಕಬ್ಬಿಣದ ಗಡ್ಡೆ, ಗಡ್ಡೆಗೆ ಎರಡು ಎಣ್ಣೆಯ ಪೈಪು. ಡೈನಮೊಗೆ ಎಣ್ಣೆ ಯಾಕೆ ಎಂಬ ಪ್ರಶ್ನೆ ನನಗೂ ಬಂತು. ಆದರೆ ಇಂಜಿನಿಯರ್ ಸಾರ್ ಹತ್ತು ಜನರ ಮುಂದೆ ತಲೆ ಕೆರೆದುಕೊಳ್ಳುವುದು ಹೇಗೆ? ‘ಇದೆಲ್ಲ ಓಲ್ಡ್ ಸಿಸ್ಟಮ್ಮು, ಕೂಲಿಂಗಿಗೆ’ ಎಂದೆ. ಎರಡು ಪೈಪಿನ ಬಾಯಿಗೂ ಒಂದು ರಬ್ಬರ್ ಟ್ಯೂಬು ಸಿಕ್ಕಿಸಿ ಕ್ಲಿಪ್ ಬಿಗಿದೆ. ಬಹಳ ಅಚ್ಚುಕಟ್ಟಾದ ಕೆಲಸ. ಸಂಜೆ ಸ್ವಿಚ್ ಒತ್ತಿದ ಕೂಡಲೇ ಎಂಜಿನ್ ಗುಡುಗಿತು, ದೀಪ ಕಣ್ಣು ಕುಕ್ಕಿತು, ಹಾರನ್ನು ಎರಡು ಬೀದಿಯಾಚೆ ಕೇಳಿಸಿತು. ಚಿಕ್ಕಣ್ಣನವರ ಮನೆಯಲ್ಲಿ ಒಬ್ಬಟ್ಟಿನ ಊಟ. ಹಳೆಯ ಡೈನಮೊವನ್ನು, ‘ನೀವೇ ಮಡಿಕ್ಕಳಿ ಸಾರ್’ ಎಂದು ನನಗೇ ಕೊಟ್ಟರು. ಬಂದವರಿಗೆಲ್ಲ ಕಾಣಲಿ ಎಂದು ಅದನ್ನು ನಮ್ಮ ಬಾಗಿಲ ಪಕ್ಕದಲ್ಲೇ ಇಟ್ಟೆ.

ಸೋಮವಾರ ನೀರು ಬರಲಿಲ್ಲ. ಟ್ಯಾಂಕರ್ ತುಂಬಿಸಿಕೊಂಡು ಹೊರಟ ಚಿಕ್ಕಣ್ಣ ಮೊದಲ ತಿರುವಿನಲ್ಲಿ ತಿರುಗದೆ ನೇರವಾಗಿ ಹೋಗಿ, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಗೆ ಟ್ರ್ಯಾಕ್ಟರ್ ಹತ್ತಿಸಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ನಾನು ಓಡಿಹೋದಾಗ ಅವರು ಗಾಡಿಯನ್ನು ನೋಡುತ್ತಿರಲಿಲ್ಲ, ತಮ್ಮ ಬಲಗೈಯನ್ನು ನೋಡುತ್ತಿದ್ದರು.

‘ಕೈಯಾಗೆ ಶಕ್ತೀನೇ ಇಲ್ಲ ಸಾರ್. ನೆನ್ನೆ ಗಂಟ ಚೆನ್ನಾಗಿತ್ತು. ಸ್ಟೇರಿಂಗು ಕಲ್ಲಾದಂಗೆ ಆಯ್ತು.’

ನಾನೇನು ಹೇಳಿದೆ ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ. ‘ವಯಸ್ಸಾಯ್ತಲ್ಲ ಚಿಕ್ಕಣ್ಣೋರೆ, ಸ್ವಲ್ಪ ರೆಸ್ಟ್ ತಗೊಳ್ಳಿ’ ಎಂದೆ.

ಅವತ್ತೇ ಮಧ್ಯಾಹ್ನ ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್ ಕೆಟ್ಟಿತು. ಫಿಟ್ಟರ್ ಅದರ ಪಂಪನ್ನು ಬಿಚ್ಚಿ ನನ್ನ ಮೇಜಿನ ಮೇಲೆ ತಂದಿಟ್ಟ. ಒಂದು ಕಬ್ಬಿಣದ ಗಡ್ಡೆ, ಎರಡು ಎಣ್ಣೆಯ ಪೈಪು. ಭಾನುವಾರ ನಾನು ಬಿಚ್ಚಿದ್ದು ಇಂಥದ್ದನ್ನೇ. ಡೈನಮೊ ತಿರುಗುವಾಗ ಅದರ ಬೆನ್ನಿನ ಪಂಪೂ ತಿರುಗಿ ಸ್ಟೀರಿಂಗಿಗೆ ಎಣ್ಣೆ ತಳ್ಳುತ್ತಿತ್ತು, ಆ ಒತ್ತಡದಿಂದಲೇ ಅದು ಹಗುರಾಗಿ ತಿರುಗುತ್ತಿತ್ತು. ನಾನು ಕಿತ್ತಿದ್ದು ಡೈನಮೊ ಒಂದನ್ನೇ ಅಲ್ಲ, ಚಿಕ್ಕಣ್ಣನವರ ಬಲಗೈಯನ್ನು.

ಆಗಲೇ ಓಡಿಹೋಗಿ ಹೇಳಬೇಕಿತ್ತು. ನಾನು ಮಾಡಿದ್ದೇನೆಂದರೆ, ಬಾಗಿಲ ಪಕ್ಕದ ಡೈನಮೊವನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಮಂಗಳವಾರ ಹೇಳೋಣ ಎಂದುಕೊಂಡೆ. ಮಂಗಳವಾರ ಅವರು ಮೂಳೆ ಕಟ್ಟುವವರ ಹತ್ತಿರ ಹೋಗಿದ್ದರು. ಬುಧವಾರ ಭುಜಕ್ಕೆ ಎಣ್ಣೆಯ ಪಟ್ಟಿ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು; ನಾನು ಹಿಂದಿನ ಗೇಟಿನಿಂದ ಕೆಲಸಕ್ಕೆ ಹೋದೆ. ನೀರಿಗಾಗಿ ಸರೋಜ ಎರಡು ಕೊಡ ಹಿಡಿದು ಬೋರ್‌ವೆಲ್ಲಿಗೆ ನಡೆಯುತ್ತಿದ್ದಳು. ಗುರುವಾರ ಸಂಜೆ ಚಿಕ್ಕಣ್ಣ ನನ್ನನ್ನು ಹಿಡಿದೇಬಿಟ್ಟರು.

‘ಭಾನುವಾರ ಒಬ್ರು ಗಾಡಿ ನೋಡಾಕೆ ಬತ್ತಾವ್ರೆ ಸಾರ್. ಕೊಟ್ಬಿಡ್ತೀನಿ. ನೀವು ಅಷ್ಟು ಚೆನ್ನಾಗಿ ಮಾಡ್ಕೊಟ್ರಿ, ಓಡ್ಸೋಕೆ ನಂಗೇ ಯೋಗ ಇಲ್ಲ.’

ಅವತ್ತೇ ಸರೋಜ ಕಸ ಗುಡಿಸುವಾಗ ಮಂಚದ ಕೆಳಗಿನ ಪೊಟ್ಟಣ ಸಿಕ್ಕಿತ್ತು. ಕೇಳಿದಳು, ಹೇಳಿದೆ. ಅವಳು ಬೈಯಲಿಲ್ಲ. ‘ಅವರ ಕೈಗೇನೂ ಆಗಿಲ್ಲ, ಅದು ನಮ್ಮ ಮಂಚದ ಕೆಳಗಿದೆ. ಹೋಗಿ ಹೇಳಿ’ ಎಂದಳು. ಬೈದಿದ್ದರೆ ತಿರುಗಿಸಿ ಏನಾದರೂ ಅನ್ನಬಹುದಿತ್ತು.

ನಾನು ಹೋದದ್ದು ಚಿಕ್ಕಣ್ಣನವರ ಹತ್ತಿರ ಅಲ್ಲ, ಮರುದಿನ ರಜೆ ಹಾಕಿ ಯಶವಂತಪುರಕ್ಕೆ. ಬಶೀರ್ ಸಾಹೇಬರು ಪೊಟ್ಟಣ ಬಿಚ್ಚಿ ನೋಡಿದ ತಕ್ಷಣ ಗುರುತು ಹಿಡಿದರು.

‘ಅರೆ, ಇದು ಚಿಕ್ಕಣ್ಣಂದು. ಯಾರು ಸಾಬ್ ಬಿಚ್ಚಿದ್ದು?’

‘ಯಾರೋ ಒಬ್ಬ ಮೆಕ್ಯಾನಿಕ್ಕು.’

‘ಅವನ ಕೈಗೆ ಇನ್ನೊಂದ್ಸಲ ಸ್ಪ್ಯಾನರ್ ಕೊಡ್ಬೇಡಿ ಸಾಬ್’ ಎಂದರು. ಕೊಡುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಶನಿವಾರ ಅವರೇ ಬಂದರು. ಕೆಲಸ ಸುಲಭವಾಗಿತ್ತು. ಡೈನಮೊವನ್ನು ಅದರ ಜಾಗದಲ್ಲೇ ಕೂರಿಸಿ, ಕರೆಂಟಿನ ಕೆಲಸದಿಂದ ಅದಕ್ಕೆ ನಿವೃತ್ತಿ ಕೊಟ್ಟು, ಬರೀ ಪಂಪ್ ತಿರುಗಿಸಲು ಬಿಟ್ಟರು. ಆಲ್ಟರ್ನೇಟರಿಗೆ ಇನ್ನೊಂದು ಬದಿಯಲ್ಲಿ ಕಬ್ಬಿಣದ ಪಟ್ಟಿ ಕಟ್ಟಿ, ಉದ್ದನೆಯ ಬೆಲ್ಟ್ ಹಾಕಿದರು. ನನ್ನ ರಬ್ಬರ್ ಟ್ಯೂಬನ್ನು ಕಿತ್ತಾಗ ಒಂದು ಕ್ಷಣ ಬೆರಳಲ್ಲಿ ತಿರುಗಿಸಿ ನೋಡಿ, ಆಮೇಲೆ ನನ್ನ ಕಡೆ ನೋಡಿ, ಜೇಬಿಗೆ ಹಾಕಿಕೊಂಡರು. ಒಂದು ವಾರದ ಹಿಂದೆ ನಾನು ಬೀದಿಯೆಲ್ಲ ಕೇಳುವಂತೆ ನಕ್ಕಿದ್ದು ಈ ಮನುಷ್ಯನ ಕೆಲಸ ನೋಡಿ.

ಚಿಕ್ಕಣ್ಣ ಹತ್ತಿ ಕೂತರು. ಹೆದರಿಕೊಂಡೇ ಎರಡು ಬೆರಳಿಟ್ಟರು. ಮುಂದಿನ ಚಕ್ರ ಆಕಡೆ ಈಕಡೆ ಸಲೀಸಾಗಿ ಹೊರಳಿತು. ಅವರು ಇನ್ನೂ ಎರಡು ಸಲ ತಿರುಗಿಸಿದರು, ಬೇಕಿಲ್ಲದಿದ್ದರೂ. ಅವರ ಕಣ್ಣು ಒದ್ದೆಯಾಗಿತ್ತು. ಈಗ ಹೇಳಲೇಬೇಕು ಎಂದು ಮುಂದೆ ಹೋಗಿ, ‘ಚಿಕ್ಕಣ್ಣೋರೆ, ತೊಂದರೆ ನಿಮ್ಮ ಕೈಯಲ್ಲಿ ಇರಲಿಲ್ಲ, ಹೈಡ್ರಾಲಿಕ್ ಸರ್ಕ್ಯೂಟಿನಲ್ಲಿ ಒಂದು ಬೈಪಾಸ್ ಪ್ರಾಬ್ಲಮ್ಮು’ ಎಂದು ಶುರುಮಾಡಿದೆ. ‘ಮಾಡಿದ್ದು ನಾನೇ’ ಎನ್ನುವ ಮೊದಲೇ ಅವರು ಇಳಿದು ಬಂದು ಅದೇ ಬಲಗೈಯಿಂದ ನನ್ನ ಕೈ ಹಿಡಿದುಕೊಂಡರು.

‘ನೋಡಿ ಬಶೀರ್ ಸಾಬ್ರೆ, ಇಂಜಿನಿಯರ್ ಸಾರ್ ಕಂಡು ಇಡೀದೇ ಓಗಿದ್ರೆ ನಾನು ಮೂಲೇಗೆ ಸೇರ್ತಿದ್ದೆ. ನನ್ ಕೈ ವಾಪಸ್ ಕೊಟ್ರು.’

ಬಶೀರರು ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ‘ಹೌದು, ದೊಡ್ಡ ಮನುಷ್ಯರು’ ಎಂದರು. ನಾನು ಹಾರನ್ನನ್ನೇ ಪರೀಕ್ಷೆ ಮಾಡುತ್ತ ನಿಂತೆ. ಅಷ್ಟರಲ್ಲಿ ಕಾಫಿ ಬಂತು.

ಸೋಮವಾರದಿಂದ ಚಿಕ್ಕಣ್ಣ ಒಂದು ನಿಯಮ ಮಾಡಿಕೊಂಡರು. ಟ್ಯಾಂಕರಿನ ಮೊದಲ ಕೊಡ ನೀರು ನಮ್ಮ ಮನೆಗೆ. ಅದಾದ ಮೇಲೆಯೇ ಬೇರೆಯವರ ಪಾಳಿ. ‘ಬೇಡ ಅಂತ ಹೇಳಿ’ ಎಂದು ಸರೋಜ ದಿನವೂ ನನಗೆ ಹೇಳುತ್ತಿದ್ದಳು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಆ ವಠಾರ ಬಿಡುವವರೆಗೆ ಆರು ವರ್ಷ ಆ ನೀರನ್ನು ನಾನು ಕುಡಿದೆ. ಸರೋಜ ಮಾತ್ರ ಬೋರ್‌ವೆಲ್ಲಿನಿಂದ ತನ್ನ ಕೊಡವನ್ನು ತಾನೇ ತಂದುಕೊಳ್ಳುತ್ತಿದ್ದಳು.