ರೇಷ್ಮೆಹುಳುಗಳು ಒಂದನೇ ತರಗತಿ ಪಾಸಾದದ್ದು

೧೯೫೮ನೇ ಇಸವಿಯ ವಾರ್ಷಿಕ ಪರೀಕ್ಷೆಯಲ್ಲಿ ಶಿಡ್ಲಘಟ್ಟ ತಾಲ್ಲೂಕು ಚಿನ್ನಬಯ್ಯನಹಳ್ಳಿ ಪ್ರಾಥಮಿಕ ಶಾಲೆಯ ಒಂದನೇ ತರಗತಿಯಲ್ಲಿ ರೇಷ್ಮೆಹುಳುಗಳೆಲ್ಲ ತೇರ್ಗಡೆಯಾದವು, ಮಕ್ಕಳೆಲ್ಲ ನಪಾಸಾದರು. ಇದರಲ್ಲಿ ಮೂಗಿನ ಮೇಲೆ ಬೆರಳಿಡುವಂಥದ್ದೇನೂ ಇಲ್ಲ. ಹುಳುಗಳು ಶಾಲೆಯ ಒಳಗಿದ್ದವು, ಮಕ್ಕಳು ಹೊರಗಿದ್ದರು. ನಾನು ಆಗ ಶಾಲಾ ಸಮಿತಿಯ ಸದಸ್ಯನಾಗಿದ್ದೆ, ಎಲ್ಲ ನಿರ್ಣಯಗಳಿಗೂ ಕೈ ಎತ್ತಿದ್ದೇನೆ. ಆದ್ದರಿಂದ ನನ್ನ ಮಾತನ್ನು ನಂಬಬಹುದು.

ಆ ವರ್ಷ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಎಳೆಯ ಮಕ್ಕಳಿಗೆ ಅಕ್ಷರ, ಲೆಕ್ಕ, ಸದ್ವರ್ತನೆ ಎಲ್ಲವನ್ನೂ ಊರಿನ ಯಾವುದಾದರೊಂದು ಕಸುಬಿನ ಮೂಲಕವೇ ಕಲಿಸತಕ್ಕದ್ದು ಎಂದಿತ್ತು. ಸುತ್ತಮುತ್ತಲ ಊರಿನವರು ನೂಲು ತೆಗೆಯಲು ತಕಲಿ ಹಿಡಿದು ಕೂತರು. ಗೌರಿಬಿದನೂರಿನ ಕಡೆ ಯಾರೋ ಬೆಲ್ಲ ಮಾಡುವ ಕಸುಬು ಆರಿಸಿಕೊಂಡರಂತೆ, ಅಲ್ಲಿ ಹಾಜರಿ ಬಲು ಚೆನ್ನಾಗಿತ್ತಂತೆ. ನಮ್ಮ ಸಮಿತಿಯ ಅಧ್ಯಕ್ಷರು ಮುನಿವೆಂಕಟಪ್ಪನವರು. ಊರಿನಲ್ಲೇ ದೊಡ್ಡ ಹಿಪ್ಪುನೇರಳೆ ತೋಟ, ದೊಡ್ಡ ಹುಳದ ಮನೆ ಎರಡೂ ಅವರದೇ. ಅವರು ಎದ್ದು ನಿಂತು, "ಮಕ್ಕಳ ವಿದ್ಯೆಗೋಸ್ಕರ ನನ್ನ ಹುಳಗಳನ್ನ ಧಾರೆ ಎರೀತೀನಿ" ಅಂದರು. ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ಆಗ ಅವರಿಗೆ ಸೊಪ್ಪು ಕೊಯ್ಯಲು ಕೂಲಿಯವರು ಸಿಗದೆ ಒದ್ದಾಟವಾಗಿತ್ತೆಂಬುದು ನಿಜ. ಅದಕ್ಕೂ ಇದಕ್ಕೂ ಯಾರೂ ಗಂಟು ಹಾಕಕೂಡದೆಂದು ಸಮಿತಿ ಅಂದೇ ಸರ್ವಾನುಮತದಿಂದ ತೀರ್ಮಾನಿಸಿತು.

ಆ ತರಗತಿಯಲ್ಲಿ ಓಬಳಮ್ಮ ಎಂಬ ಆರು ವರ್ಷದ ಹುಡುಗಿ ಇದ್ದಳು. ಅವಳನ್ನು ಶಾಲೆಗೆ ಸೇರಿಸಿದ್ದು ಅವಳ ಅಜ್ಜಿ ಅಕ್ಕಯ್ಯಮ್ಮ. ಈ ಅಕ್ಕಯ್ಯಮ್ಮ ಒಂದು ಸಲ ಚಿಕ್ಕಬಳ್ಳಾಪುರಕ್ಕೆಂದು ಮೇಲೂರಿನಲ್ಲಿ ಬಸ್ಸು ಹತ್ತಿ ಬೇರೆ ದಿಕ್ಕಿನ ಮುರುಗಮಲ್ಲದಲ್ಲಿ ಇಳಿದಿದ್ದಳು. ದರ್ಗಾದ ಮುಂದೆ ಕೂತು ಅತ್ತವಳಿಗೆ ಯಾರೋ ಪುಣ್ಯಾತ್ಮರು ಊಟ ಹಾಕಿ ವಾಪಸು ಕಳಿಸಿದ್ದರು. "ನಮ್ ಓಬಳಿಗೆ ಬಸ್ಸಿನ ಬೋರ್ಡು ಓದೋ ಅಷ್ಟು ಬಂದ್ರೆ ಸಾಕಪ್ಪಾ, ನಾನು ನೆಮ್ಮದಿಯಾಗಿ ಸಾಯ್ತೀನಿ" ಎಂದು ಮೇಷ್ಟ್ರ ಮುಂದೆ ಕೈ ಮುಗಿದಳು. ಹುಡುಗಿಯ ಅಪ್ಪ ಎರ್ರಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿದ: "ಒಂದೇ ವರ್ಷ ಕಣಮ್ಮ. ಪಾಸಾದ್ರೆ ಸರಿ, ಇಲ್ಲಾಂದ್ರೆ ಸೊಪ್ಪು ಕೊಯ್ಯಾಕೆ ಬರ್ಲಿ." ಮಗುವಿಗೂ ಇದು ಗೊತ್ತಿತ್ತು. ಪಾಪ, ಅದು ದಿನಾ ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ಕೂರುತ್ತಿತ್ತು.

ಶಾಲೆಗೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ರಾಮಾಂಜಿನಪ್ಪನವರು. ಮೊದಲು ಹುಳುಗಳು ಒಂದು ಮೂಲೆಯಲ್ಲಿದ್ದವು, ಮಕ್ಕಳು ಮೂರು ಮೂಲೆಯಲ್ಲಿ. ಹುಳು ಪೊರೆ ಬಿಟ್ಟು ದಪ್ಪಗಾದಂತೆ ಅವನ್ನಿಟ್ಟ ತಟ್ಟೆಗಳು ಹೆಚ್ಚಿ, ಮಕ್ಕಳು ಒಂದು ಮೂಲೆಗೆ ಬಂದು, ಕೊನೆಗೆ ಹೊರಗಿನ ಹೊಂಗೆಮರದಡಿ ಕೂತರು. ಇದು ನಮ್ಮ ಕಡೆ ಹೊಸದೇನಲ್ಲ. ಹುಳು ದೊಡ್ಡದಾದರೆ ಮನೆಯವರೆಲ್ಲ ಜಗಲಿಯಲ್ಲಿ ಮಲಗುವುದು ನಮ್ಮ ಪದ್ಧತಿ. ಒಂದು ಬೆಳೆ ಹೋಗುತ್ತಲೇ ಇನ್ನೊಂದು ಬೆಳೆಯ ಹುಳು ಶಾಲೆಗೆ ಸೇರಿತು.

ಹುಳುಗಳ ಆರೋಗ್ಯದ ಹಿತದೃಷ್ಟಿಯಿಂದ ಸಮಿತಿ ಕೆಲವು ನಿಯಮಗಳನ್ನು ಹೊರಡಿಸಿತು. ಒಳಗೆ ಬರುವವರು ಕಾಲು ತೊಳೆಯತಕ್ಕದ್ದು. ಮನೆಯಲ್ಲಿ ಒಗ್ಗರಣೆ ಹಾಕಿದ ದಿನ ಆ ಮನೆಯ ಮಗು ಶಾಲೆಯ ಹತ್ತಿರ ಸುಳಿಯತಕ್ಕದ್ದಲ್ಲ. ಸೀಮೆಸುಣ್ಣದ ಧೂಳು ಎಬ್ಬಿಸತಕ್ಕದ್ದಲ್ಲ. ಯಾರೂ ಮಗ್ಗಿ ಹೇಳತಕ್ಕದ್ದಲ್ಲ, ಮಗ್ಗಿ ಕಿವಿಗೆ ಬಿದ್ದರೆ ಹುಳು ಮೇವು ಬಿಡುತ್ತದೆ. ಚಿಕ್ಕಂದಿನಲ್ಲಿ ಮಗ್ಗಿಯ ದೆಸೆಯಿಂದ ನಾನೂ ಊಟ ಬಿಟ್ಟವನೇ, ಆದ್ದರಿಂದ ಇದಕ್ಕೆ ಎರಡೂ ಕೈ ಎತ್ತಿದೆ. ಮೇಷ್ಟ್ರು ಬಾಗಿಲ ಮೇಲೆ ದಪ್ಪಕ್ಷರದಲ್ಲಿ 'ಇಲ್ಲಿ ಸದ್ದು ಮಾಡಕೂಡದು' ಎಂದು ಬರೆದರು.

ಮಕ್ಕಳು ಕಲಿಯಲಿಲ್ಲವೆಂದು ಯಾರೂ ತಿಳಿಯಬಾರದು. ಬೆಳಿಗ್ಗೆ ಅಧ್ಯಕ್ಷರ ತೋಟದಲ್ಲಿ ಸೊಪ್ಪು ಕೊಯ್ದರು, ಇದು ಪರಿಸರ. ಮಧ್ಯಾಹ್ನ ಹೆಚ್ಚಿ ತಟ್ಟೆಗೆ ಹಾಕಿದರು, ಇದು ಲೆಕ್ಕ. ಸಾಯಂಕಾಲ ಹಿಕ್ಕೆ ಬಾಚಿದರು, ಇದು ಸದ್ವರ್ತನೆ. ಅಕ್ಷರಕ್ಕೆ ಮಾತ್ರ ಹೊತ್ತು ಸಾಲಲಿಲ್ಲ. ಓಬಳಮ್ಮ, "ಮೇಷ್ಟ್ರೇ, ಅಆಇಈ ಯಾವಾಗ್ ಹೇಳ್ಕೊಡ್ತೀರಾ?" ಎಂದು ಕೇಳಿದರೆ ಮೇಷ್ಟ್ರು, "ಮೆತ್ತಗೆ ಮಾತಾಡಮ್ಮ, ಹುಳ ಮಲಗವೆ" ಎನ್ನುತ್ತಿದ್ದರು.

ಆಗ ಅಕ್ಕಯ್ಯಮ್ಮ ಒಂದು ಮಾತು ಕೇಳಿದಳು. ಅವಳು ಅಧ್ಯಕ್ಷರ ಹುಳದ ಮನೆ ಗುಡಿಸುವವಳು. ಹುಳುಗಳೆಲ್ಲ ಶಾಲೆಗೆ ಹೋದ ಮೇಲೆ ಅಲ್ಲಿ ಗುಡಿಸಲು ಏನೂ ಇರಲಿಲ್ಲ. "ಅಲ್ರೀ ಮೇಷ್ಟ್ರೇ, ಹುಳ ಬಂದು ಇಸ್ಕೂಲಲ್ಲಿ ಕೂತೈತೆ. ಮಕ್ಳು ಹೋಗಿ ಹುಳದ ಮನೇಲಿ ಕೂತ್ರೆ ಯಾರಪ್ಪನ ಗಂಟು ಹೋಗ್ತೈತೆ?"

ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲ, ಮನಸ್ಸೂ ಇತ್ತು. ಸೊಪ್ಪಿನ ಕೆಲಸ ಮುಗಿದ ಮೇಲೆ ಮಕ್ಕಳನ್ನು ಕದ್ದುಮುಚ್ಚಿ ಅಲ್ಲಿ ಕೂರಿಸಿ ಅಕ್ಷರ ತಿದ್ದಿಸಿದರು. ಓಬಳಮ್ಮ ಹಸಿದವಳು ಅನ್ನ ಕಂಡಂತೆ ಕಲಿತಳು. ಅಜ್ಜಿ ಬಾಗಿಲಲ್ಲಿ ಪೊರಕೆ ಹಿಡಿದು ಕಾವಲು ನಿಂತಳು. ಯಾರಾದರೂ ಬಂದರೆ, "ಹುಳ ಬೆಳೀತಾವೆ, ಒಳೀಕ್ ಬರ್ಬ್ಯಾಡಿ" ಎಂದು ಕಳಿಸುತ್ತಿದ್ದಳು.

ಪರೀಕ್ಷೆಯ ದಿನ ಸ್ಕೂಲ್ ಇನ್‌ಸ್ಪೆಕ್ಟರು ಆವಲಪ್ಪನವರು ಬಂದು, ಕಾಲು ತೊಳೆದು, ಒಳಗೆ ಹೋದರು. ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳ ಮೇಲೆ ನೂಲು ಸುತ್ತುತ್ತಿದ್ದವು. ಆವಲಪ್ಪನವರು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥ ತರಗತಿ ಕಂಡಿರಲಿಲ್ಲ.

"ಏನ್ ಶಿಸ್ತು! ಒಂದಾದ್ರೂ ಕೆಮ್ಮಿತೇನ್ರೀ?"

"ಇಲ್ಲ ಸಾರ್" ಅಂದರು ಮೇಷ್ಟ್ರು.

"ಪಕ್ಕದೋರದ್ದು ನೋಡ್ಕೊಂಡು ಮಾಡೋದೂ ಇಲ್ಲ." ಅವರು ಬಗ್ಗಿ ಕನ್ನಡಕ ಸರಿಮಾಡಿಕೊಂಡರು. ನೂಲು ಬಿಡುವಾಗ ಹುಳು ತಲೆಯನ್ನು ಇಂಗ್ಲಿಷಿನ ಎಂಟರ ಹಾಗೆ ಆಡಿಸುತ್ತದೆ. "ರೀ, ಇವು ಇಂಗ್ಲಿಷ್ ಅಂಕಿ ಬರೀತಿದಾವೆ! ಮಿಡ್ಲ್ ಸ್ಕೂಲಿನ ಪಾಠ ಕಣ್ರೀ ಇದು!"

ಅಲ್ಲೇ ನಿಂತು ಅಷ್ಟನ್ನೂ ಪಾಸು ಮಾಡಿದರು. ಆಮೇಲೆ ಹೊರಗೆ ಬಂದು ಮಕ್ಕಳನ್ನು ನೋಡಿ, ಪರೀಕ್ಷೆಯ ಹೊತ್ತಿನಲ್ಲಿ ಕೊಠಡಿಯೊಳಗೆ ಇಲ್ಲದವರು ಗೈರುಹಾಜರು, ಗೈರುಹಾಜರಾದವರು ನಪಾಸು ಎಂದರು.

ಓಬಳಮ್ಮನ ಮುಖ ಬೆಳ್ಳಗಾಯಿತು. ಅಕ್ಕಯ್ಯಮ್ಮ ಗುಂಪು ಸೀಳಿಕೊಂಡು ಮುಂದೆ ಬಂದಳು. "ಸ್ವಾಮಿ, ನಮ್ ಮಗೂಗೆ ಓದಾಕೆ ಬತ್ತೈತೆ! ಓದೇ ನನ್ನಮ್ಮ, ಬಾಗ್ಲು ಮ್ಯಾಲಿರಾದು ಓದು!"

ಹುಡುಗಿ ಉಸಿರು ಕಟ್ಟಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಓದಿದಳು: "ಇಲ್ಲಿ! ಸದ್ದು! ಮಾಡಕೂಡದು!"

ನನಗೆ ಮೈ ಜುಂ ಅಂದಿತು. ಅಯ್ಯೋ, ಎಷ್ಟು ಚೆನ್ನಾಗಿ ಓದಿತು ಆ ಮಗು!

ಇನ್‌ಸ್ಪೆಕ್ಟರು ಕೂಡಲೇ ತುಟಿಯ ಮೇಲೆ ಬೆರಳಿಟ್ಟರು. "ಓದೇನೋ ಸರಿಯಾಗಿದೆಯಮ್ಮ. ಆದರೆ ಸದ್ದು ಮಾಡಕೂಡದು ಅಂತ ಓದಿ ಸದ್ದು ಮಾಡಿದೀಯ. ನಪಾಸು. ಎಲ್ಲಿ ಕಲಿತೆ?"

"ಹುಳದ ಮನೇಲಿ ಸಾರ್."

"ಹುಳದ ಮನೆ ಮಾನ್ಯತೆ ಪಡೆದ ಸಂಸ್ಥೆಯಲ್ಲ. ಹಾಗಾಗಿ ಇನ್ನೊಂದು ಸಲ ನಪಾಸು."

ಎರ್ರಪ್ಪ ಮಗಳ ಕೈಗೆ ಕುಡುಗೋಲು ಕೊಟ್ಟು, "ನಾಳೆಯಿಂದ ತೋಟಕ್ಕೆ ಬಾ" ಅಂದ. ಅಜ್ಜಿ ಮೊಮ್ಮಗಳು ಇಬ್ಬರೂ ಅತ್ತರು, ಮೇಷ್ಟ್ರು ಮರದ ಹಿಂದೆ ಹೋಗಿ ಅತ್ತರು. ನಾನು ಸಮಿತಿಯ ಸದಸ್ಯನಾದ್ದರಿಂದ ಅಳಲಿಲ್ಲ.

ಗೂಡು ಬಲಿತ ಮೇಲೆ, ತೇರ್ಗಡೆಯಾದವರನ್ನು ಗಾಡಿಯಲ್ಲಿ ಶಿಡ್ಲಘಟ್ಟಕ್ಕೆ ಕರೆದೊಯ್ಯಲು ಅಧ್ಯಕ್ಷರು ಎರ್ರಪ್ಪನನ್ನೇ ಕಳಿಸಿದರು. ಹಿಂದೆಲ್ಲ ಗೂಡು ಮಾರುವವರೆಗೆ ಮಾತ್ರ ನೋಡಿ ಬಂದಿದ್ದ ಅವನು, ಆ ಸಲ ಮಗಳಿಗಿಂತ ಮೇಲಾದವರ ಗತಿ ಏನಾಗುತ್ತದೆ ನೋಡೋಣವೆಂದು ನೂಲು ತೆಗೆಯುವ ಮನೆಯವರೆಗೂ ಹಿಂದೆ ಹೋದ. ಸಂಜೆ ಓಡೋಡಿ ಬಂದ. ಕಟ್ಟೆಯ ಮೇಲೆ ಕೂತಿದ್ದ ನಮಗೆಲ್ಲ ಕೇಳುವಂತೆ ಕೂಗಿದ: "ಅಯ್ಯಯ್ಯೋ, ಪಾಸಾದೋರನ್ನೆಲ್ಲಾ ಕುದಿಯೋ ನೀರಿಗೆ ಹಾಕಿಬಿಟ್ರು ಕಣ್ರಪ್ಪೋ! ಒಬ್ಬನ್ನೂ ಬಿಡ್ಲಿಲ್ಲ!"

ಕೂಗಿದವನೇ ಮನೆಗೆ ಓಡಿದ. ಎರ್ರಪ್ಪ ಮಗಳನ್ನು ಎತ್ತಿ ಎದೆಗೊತ್ತಿಕೊಂಡು, "ನಮ್ಮಮ್ಮ ನೀನು, ಸದ್ಯ ಫೇಲಾದೆ. ನಾಳೆಯಿಂದ ಇಸ್ಕೂಲಿಗೇ ಹೋಗು. ಎಷ್ಟು ವರ್ಷ ಬೇಕಾದ್ರೂ ಹೋಗು, ಒಂದನೇ ಕ್ಲಾಸೇ ಇರ್ಲಿ" ಅಂದ. ಅಕ್ಕಯ್ಯಮ್ಮ ಕುಡುಗೋಲು ಕಿತ್ತುಕೊಂಡು ಅಟ್ಟಕ್ಕೆ ಎಸೆದಳು.

ಮುಂದಿನ ವರ್ಷ ತಂದೆ ತಾಯಿಯರು ಇನ್‌ಸ್ಪೆಕ್ಟರಿಗೆ ಮುತ್ತಿಗೆ ಹಾಕಿದರು. ಎಲ್ಲರದೂ ಒಂದೇ ಬೇಡಿಕೆ, ನಮ್ಮ ಮಗುವನ್ನು ನಪಾಸು ಮಾಡಿ. ಆವಲಪ್ಪನವರು ಓಬಳಮ್ಮನನ್ನು ನಪಾಸು ಮಾಡಿದ ಹಿಂದಿನ ನಿದರ್ಶನವನ್ನು ನೆನೆದು, ನಪಾಸಾಗಬೇಕಾದರೆ ಮಗು ಬಾಗಿಲ ಮೇಲಿರುವುದನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದತಕ್ಕದ್ದು ಎಂದು ಆಜ್ಞೆ ಮಾಡಿದರು. ಊರಿನಲ್ಲಿ ಗಡಿಬಿಡಿಯೋ ಗಡಿಬಿಡಿ! ಹುಳದ ಮನೆ ಮಕ್ಕಳಿಂದ ಕಿಕ್ಕಿರಿಯಿತು. ಮೇಷ್ಟ್ರೊಬ್ಬರೇ ಸಾಲದೆ ಓಬಳಮ್ಮನೂ ಕಡ್ಡಿ ಹಿಡಿದು ಪಾಠ ಹೇಳಿದಳು.

ಆ ವರ್ಷ ಅಧ್ಯಕ್ಷರ ಮೊಮ್ಮಗನದೂ ಸರದಿ. ಸೋಮಾರಿ ಹುಡುಗ, ಅಕ್ಷರ ಕಂಡರೆ ಓಡುತ್ತಿದ್ದ. ಪರೀಕ್ಷೆಯ ದಿನ 'ಇಲ್ಲಿ' ಎಂದವನು ನಿಂತೇಬಿಟ್ಟ. ಇನ್‌ಸ್ಪೆಕ್ಟರು, "ಇವನು ಪಾಸಾಗೋ ಹಾಗೆ ಕಾಣ್ತಾನೆ" ಎಂದು ನಿಟ್ಟುಸಿರು ಬಿಟ್ಟರು. ಮುನಿವೆಂಕಟಪ್ಪನವರ ಹೆಂಡತಿ ವೆಂಕಟರತ್ನಮ್ಮ ಎದೆ ಎದೆ ಬಡಿದುಕೊಂಡರು. ಓಬಳಮ್ಮ ಹುಡುಗನ ಪಕ್ಕ ಬಂದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟಳು. ಅವನು ಬೆವರಿ, ತಡವರಿಸಿ, ಕೊನೆಯ ಅಕ್ಷರದವರೆಗೂ ಕೂಗಿ ಓದಿದ. "ನಪಾಸು!" ಎಂದರು ಆವಲಪ್ಪನವರು. ಮುನಿವೆಂಕಟಪ್ಪನವರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಊರಿಗೆಲ್ಲ ಸಕ್ಕರೆ ಹಂಚಿಸಿದರು, ನಾನೂ ಒಂದು ಹಿಡಿ ತಿಂದೆ.