ಫಲಾನುಭವಿಯ ಫೋಟೊ

ನಿವೃತ್ತಿಯಾದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಭಕ್ತಿ ಬರುತ್ತದೆ. ಮಾಸ್ತರಿಕೆ ಮುಗಿಸಿದ ನನಗೆ ಸಮಾಜೋದ್ಧಾರದ ಹುಚ್ಚು ಬಂತು. ಅದೂ ಹುಮನಾಬಾದಿನ ಮಟ್ಟದ್ದಲ್ಲ, ಜಾಗತಿಕ ಮಟ್ಟದ್ದು. ಮೊದಲು ತೊಗರಿಕಟ್ಟಿಗೆಯ ಪೆನ್ನು ಮಾಡಿಸಿ ಭೂಮಿಯನ್ನು ಪ್ಲಾಸ್ಟಿಕ್‌ನಿಂದ ಬಿಡಿಸಲು ಹೊರಟೆ. ಅವು ಬರೆಯುವ ಬದಲು ಕಾಗದ ಹರಿದವು. ಹೆಂಡತಿ ಎಲ್ಲವನ್ನೂ ನೀರೊಲೆಗೆ ಹಾಕಿ ನನಗೇ ಸ್ನಾನಕ್ಕೆ ನೀರು ಕಾಯಿಸಿದಳು.

ಆಮೇಲೆ ನನ್ನ ಕಣ್ಣಿಗೆ ಬಿದ್ದವರು ಅವಳ ಗೆಳತಿ, ಬಸವಕಲ್ಯಾಣದ ರಜಿಯಾಬಿ. ಹಳೆಯ ಸೀರೆಗಳನ್ನು ಪದರಪದರ ಸೇರಿಸಿ ಅವರು ಹೊಲಿಯುವ ಕೌದಿ ನೋಡಿದರೆ ನಿದ್ದೆ ಬಾರದವನಿಗೂ ಆಕಳಿಕೆ ಬರಬೇಕು. ಬಡ ಹೆಣ್ಣುಮಕ್ಕಳನ್ನು ಮೇಲೆತ್ತುವ ಉದ್ಯಮ ನನ್ನದು ಎಂದು ಪರದೇಶದ ಅಂಗಡಿಯೊಂದಕ್ಕೆ ಬರೆದು, ಮಾದರಿಗೊಂದು ಕೌದಿಯನ್ನೂ ಕಳಿಸಿದೆ. ಯಾರದಾದರೂ ಬಾಳು ಬದಲಾಗಿದ್ದರಷ್ಟೇ ಕೊಳ್ಳುತ್ತೇವೆ, ಹೊಲಿದವರನ್ನು ವಿಡಿಯೋದಲ್ಲಿ ಮಾತಾಡಿಸಿ ಎಂದರು. ಈ ಆರ್ಡರ್ ತಪ್ಪಿದರೆ ನಾನು ಮತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೇ ಗತಿ.

ರಜಿಯಾಬಿಯ ಅಂಗಳದಿಂದ ಕರೆ ಹೋಯಿತು. ಮೊಬೈಲ್ ಹಿಡಿದವನೂ ದುಭಾಷಿಯೂ ನಾನೇ. ಆ ಕಡೆಯ ಹೆಂಗಸು ಕೌದಿಯ ಮೂಲೆ ಹಿಚುಕಿ, ಒಳಗೆ ಗಟ್ಟಿಯಾಗಿರುವುದೇನು ಎಂದಳು.

"ರೊಟ್ಟಿ ತುಣುಕ್ರಿ. ಕೌದಿ ಹೊಟ್ಟಿ ಖಾಲಿ ಬಿಡಬಾರದು," ಎಂದರು ರಜಿಯಾಬಿ. ಹಸಿವಿನ ವಿರುದ್ಧ ನಮ್ಮ ಹೋರಾಟದ ಸಂಕೇತ ಎಂದು ಅನುವಾದಿಸಿದೆ. ಆಕೆ ಬರೆದುಕೊಂಡಳು.

ಮುಂದಿನ ಪ್ರಶ್ನೆ, ಇದರಿಂದ ಯಾರ ಬಾಳು ಬದಲಾಯಿತು?

"ನಮಗೇನ್ ಕಮ್ಮಿ ಇಲ್ರಿ, ಬಜಾರದಾಗ ಎರಡು ದುಕಾನ ಅದಾವ," ಎಂದು ರಜಿಯಾಬಿ ನನ್ನ ಕಡೆ ಬೆರಳು ಮಾಡಿದರು. "ಈ ಮಾಸ್ತರ್ರು ಮನ್ಯಾಗ ಖಾಲಿ ಕುಂತು, ಬ್ಯಾಳಿಗಿ ಒಗ್ಗರಣಿ ಹ್ಯಾಂಗ ಹಾಕಬೇಕಂತ ಹೇಳಿ ಹೇಳಿ ಹೆಂಡತಿ ಜೀವಾ ತಿನ್ನಾಕತ್ತಿದ್ರು. ಆಕಿ ನನ್ ಮುಂದ ಬಂದು ಅತ್ತಳು. ಪಾಪ, ಒಂದು ಕೆಲಸಾ ಅಂತ ಹಚ್ಚೇವಿ. ಈಗ ಆ ಮನ್ಯಾಗ ಆರಾಮ ಐತಿ."

ಅಯ್ಯೋ! ಆದರೂ ಮಾಸ್ತರಿಕೆ ಮಾಡಿದವನು ಸುಳ್ಳು ಹೇಳಬಾರದು. ಕೆಲಸವಿಲ್ಲದೆ ಕೂತಿದ್ದ ಒಂದು ಜೀವ, ಮನೆಯವರ ಕಣ್ಣೀರು, ಈಗ ನೆಮ್ಮದಿ, ಎಲ್ಲವನ್ನೂ ಚಾಚೂ ತಪ್ಪದೆ ಹೇಳಿದೆ. ಆ ಜೀವ ಯಾರದೆಂದು ಮಾತ್ರ ಬಿಟ್ಟೆ. ಆಕೆ ಕಣ್ಣೊರೆಸಿಕೊಂಡು ನಲವತ್ತು ಕೌದಿಗೆ ಆರ್ಡರ್ ಕೊಟ್ಟಳು. ಜೊತೆಗೆ ಆ ನತದೃಷ್ಟ ಜೀವದ್ದೊಂದು ಫೋಟೊ ಬೇಕೆಂದಳು.

ರಜಿಯಾಬಿಯನ್ನು ಕೇಳಿದೆ. "ಯಾ ಅಲ್ಲಾ, ನಂದ್ಯಾಕ್ರಿ? ನಿಮ್ಮದ ಕಳಸ್ರಿ," ಎಂದು ಒಳಗೆ ಹೋದರು.

ಮರುದಿನ ಹೆಂಡತಿ ನನ್ನನ್ನು ಹಿತ್ತಲ ಗೋಡೆಗೆ ನಿಲ್ಲಿಸಿ ಮೊಬೈಲ್ ಎತ್ತಿದಳು. "ಮಾರಿ ಸಣ್ಣದು ಮಾಡ್ರಿ. ನಗಬ್ಯಾಡ್ರಿ ಮತ್ತ."

ಅದಕ್ಕಾಗಿ ನಾನೇನೂ ಕಷ್ಟಪಡಬೇಕಾಗಲಿಲ್ಲ.